ಬರುವಾಗಿನ ವೇಗ

ಮಹಾನಂದಕ್ಕ, ನಿನ್ನ ಗಾಡಿಯನ್ನು ನಾನು ಅವತ್ತು ಓಡಿಸಿ ನೋಡಲೇ ಇಲ್ಲ. ಭಾಲ್ಕಿಯಿಂದ ಬೀದರಿಗೆ ತಂದದ್ದು ನಿಜ. ಆದರೆ ಹಾಲಿನ ಕ್ಯಾನು ಕಟ್ಟಿಕೊಂಡವನ ಹಾಗೆ ರಸ್ತೆಯ ಎಡಬದಿ ಹಿಡಿದು, ಅರ್ಧ ಕೂಡ ಎಕ್ಸಲೇಟರ್ ತಿರುವದೆ, ಸಾವಕಾಶ ತಂದೆ. ಆಮೇಲೆ ಫೋನಿನಲ್ಲಿ ನಿನಗೆ, ಪೂರ್ತಿ ಎಳೆದು ನೋಡಿದೆ, ಬರುವಾಗಲೂ ಅಷ್ಟೇ ಆಯಿತು ಎಂದೆ. ಅದು ಸುಳ್ಳು. ಬೀದರಿನ ನೌಬಾದಿನಲ್ಲಿರುವ ಈ ಗ್ಯಾರೇಜು, ಅದರ ಹೆಸರು, ಜನ ನನ್ನನ್ನು ಉಸ್ತಾದ ಎಂದು ಕರೆಯುವುದು — ಎಲ್ಲವೂ ಆ ಸುಳ್ಳಿನ ಮೇಲೆಯೇ ನಿಂತಿವೆ.

ಇದನ್ನು ಬರೆಯುತ್ತಿರುವುದು ನಿನಗೆ ಅಂಚೆಗೆ ಹಾಕಲಿಕ್ಕಲ್ಲ. ನಾಳೆ ನಿನ್ನೆದುರು ನಿಂತು ಹೇಳಬೇಕಾದದ್ದನ್ನು ಮೊದಲು ಇಲ್ಲಿ ಹೇಳಿ ನೋಡುತ್ತಿದ್ದೇನೆ. ನನ್ನ ನಾಲಿಗೆ ನನಗೆ ಗೊತ್ತು, ಅದು ಕೈಗಿಂತ ಚುರುಕು. ಬರೆದುಕೊಳ್ಳದೆ ಹೋದರೆ ಹೇಳುತ್ತ ಹೇಳುತ್ತ ಎಲ್ಲೋ ಒಂದು ತಿರುವು ಕೊಟ್ಟು ನನ್ನ ತಪ್ಪನ್ನು ಅರ್ಧ ಮಾಡಿಬಿಡುತ್ತದೆ. ಅದಕ್ಕಾಗಿ ಈ ತಯಾರಿ. ಬೇರೆಯವರು ಓದಿದರೆ ಓದಲಿ, ನನಗೇನೂ ಅಭ್ಯಂತರವಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಳ್ಳೆಯ ಮೆಕ್ಯಾನಿಕ್. ಎದೆ ತಟ್ಟಿಕೊಂಡೇ ಹೇಳುತ್ತೇನೆ. ಬೀದರ, ಭಾಲ್ಕಿ, ಔರಾದ — ಈ ಮೂರೂ ಕಡೆ ಯಾರದಾದರೂ ದೊಡ್ಡ ಗಾಡಿ ಕೆಮ್ಮಿದರೆ ಮೊದಲು ನೆನಪಾಗುವುದು ನನ್ನ ಹೆಸರು. ಇಲ್ಲಿ ವಿನಯ ತೋರಿಸಲು ಹೋದರೆ ಈ ನಿವೇದನೆಯೇ ಸುಳ್ಳಾಗುತ್ತದೆ. ಯಾಕೆಂದರೆ ನಾನು ಮಾಡಿದ್ದು ಗೊತ್ತಿಲ್ಲದವನ ಕೈತಪ್ಪಲ್ಲ. ಗಾಡಿ ಯಾವುದರಿಂದ ಓಡುತ್ತದೆ, ಯಾವುದರಿಂದ ತಡೆಯುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವನು, ಆ ಗೊತ್ತಿದ್ದುದನ್ನೇ ಹಿಡಿದು ಮಾಡಿದ ಮೋಸ.

ಈಗ ನನ್ನ ಹತ್ತಿರ ಬರುವ ಹುಡುಗರೆಲ್ಲ ಕೇಳುವ ಪ್ರಶ್ನೆ ಒಂದೇ — ಟಾಪ್ ಎಷ್ಟು? ಇನ್ನೂರೈವತ್ತು, ಮುನ್ನೂರು ಸಿಸಿಯ ಬೈಕು ಕೊಂಡಿರುತ್ತಾರೆ. ಮೀಟರಿನಲ್ಲಿ ಬರೆದ ಕೊನೆಯ ಅಂಕಿಗೆ ಮುಳ್ಳು ಯಾಕೆ ಮುಟ್ಟುವುದಿಲ್ಲ ಎಂಬುದು ಅವರ ದುಃಖ. ನಾನು ಕೂರಿಸಿ ಹೇಳುತ್ತೇನೆ. ಮೀಟರು ನಿನ್ನನ್ನು ಖುಷಿಪಡಿಸಲು ತುಸು ಹೆಚ್ಚೇ ತೋರಿಸುತ್ತದೆ, ಅದನ್ನು ನಂಬಬೇಡ. ಟಯರಿನ ಹವಾ ಕಡಿಮೆ ಇದ್ದರೆ ಗಾಡಿ ಕೆಸರಲ್ಲಿ ನಡೆದಂತೆ ನಡೆಯುತ್ತದೆ. ಚೈನು ಒಣಗಿದ್ದರೆ, ಏರ್ ಫಿಲ್ಟರಿನಲ್ಲಿ ನಮ್ಮ ಕೆಂಪು ಮಣ್ಣು ಕೂತಿದ್ದರೆ, ಎಂಜಿನ್ನಿನ ದುಡಿಮೆ ದಾರಿಯಲ್ಲೇ ಸೋರುತ್ತದೆ. ಚೈನಿನ ಹಿಂದಿನ ಚಕ್ರದ ಹಲ್ಲು ಹೆಚ್ಚು ಮಾಡಿದರೆ ಎಳೆತ ಬರುತ್ತದೆ, ಓಟ ಹೋಗುತ್ತದೆ. ಕಡಿಮೆ ಮಾಡಿದರೆ ಕೊನೆಯ ಗೇರಿನಲ್ಲಿ ಎಳೆಯಲಾರದೆ ಏದುಸಿರು ಬಿಡುತ್ತದೆ.

ಇದೆಲ್ಲ ಆದಮೇಲೂ, ನೂರು ದಾಟಿದ ಮೇಲೆ ಗಾಡಿ ಹೋರಾಡುವುದು ರಸ್ತೆಯ ಜೊತೆಗಲ್ಲ, ಗಾಳಿಯ ಜೊತೆಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಎಂಜಿನ್ನು ಮತ್ತು ಗಾಳಿ ಸರಿಸಮ ಆದ ಜಾಗವೇ ಟಾಪು. ಅದಕ್ಕೇ ಸಣ್ಣ ಮೈಯವರು ಬಾಗಿ ಕೂತರೆ ನಾಲ್ಕು ಕಿಲೋಮೀಟರ್ ಹೆಚ್ಚು, ಅಂಗಿ ಪಟಪಟ ಹಾರಿಸಿಕೊಂಡು ನೆಟ್ಟಗೆ ಕೂತವನಿಗೆ ನಾಲ್ಕು ಕಡಿಮೆ. ಎದುರು ಗಾಳಿಯಿದ್ದರೆ ಒಳ್ಳೆಯ ಗಾಡಿಯೂ ಮುಗ್ಗರಿಸುತ್ತದೆ, ಬೆನ್ನ ಗಾಳಿಯಿದ್ದರೆ ಸಾಧಾರಣ ಗಾಡಿಯೂ ಹುಲಿಯಾಗುತ್ತದೆ. ಹುಡುಗರು ಬಾಯಿ ಬಿಟ್ಟು ಕೇಳುತ್ತಾರೆ. ಇಷ್ಟು ಹೇಳುವ ಹೊತ್ತಿಗೆ ನನಗೆ ಪ್ರತಿ ಸಲವೂ ಭಾಲ್ಕಿ ರಸ್ತೆ ಕಣ್ಣ ಮುಂದೆ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅವರು ಉಸ್ತಾದರಿಗೆ ಚಹಾ ಬೇಕಾಯಿತು ಎಂದುಕೊಳ್ಳುತ್ತಾರೆ.

ಈ ಪಾಠ ನನ್ನದಲ್ಲ, ನಿನ್ನ ಅಪ್ಪನದು. ಓದುವವರಿಗಾಗಿ ಹೇಳುತ್ತೇನೆ — ಮಾಣಿಕಪ್ಪ ಉಸ್ತಾದರು ನೌಬಾದಿನಲ್ಲಿ ತಗಡಿನ ಚಾವಣಿಯ ಕೆಳಗೆ ಈ ಗ್ಯಾರೇಜು ಶುರು ಮಾಡಿದವರು. ಗಂಡುಮಕ್ಕಳಿರಲಿಲ್ಲ. ಮಹಾನಂದಕ್ಕ ಒಬ್ಬಳೇ ಮಗಳು. ನಾನು ಸಂತಪುರದಿಂದ ಬಂದು ಶಿಷ್ಯನಾಗಿ ಸೇರುವ ಹೊತ್ತಿಗೆ ಅವಳು ಕಾರ್ಬುರೇಟರ್ ಬಿಚ್ಚಿ, ತೊಳೆದು, ಕಣ್ಣು ಮುಚ್ಚಿಕೊಂಡು ಜೋಡಿಸುತ್ತಿದ್ದಳು. ನನಗೆ ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ಕಲಿಸಿದವಳು ಅವಳು. ಬೋಲ್ಟು ಬಿಗಿದ ಮೇಲೆ ಅದು ಸಡಿಲಾದರೆ ಗೊತ್ತಾಗಲಿ ಎಂದು ಉಸ್ತಾದರು ಬಿಳಿ ಬಣ್ಣದ ಗೆರೆ ಎಳೆಯುತ್ತಿದ್ದರು. ಅವಳು ಎಳೆಯುತ್ತಿದ್ದದ್ದು ಕೆಂಪು ನೇಲ್ ಪಾಲಿಶ್. ಗಿರಾಕಿಗಳು ನಗುತ್ತಿದ್ದರು, ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಿನ್ನ ಕಿವಿ — ಅದರ ಬಗ್ಗೆ ಹೇಳದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ರಸ್ತೆಯಲ್ಲಿ ಹಾದು ಹೋಗುವ ಗಾಡಿಯ ಸದ್ದು ಕೇಳಿ, ಟ್ಯಾಪೆಟ್ ಸಡಿಲಾಗಿದೆ, ನಾಳೆ ಬರುತ್ತಾನೆ ನೋಡು ಎನ್ನುತ್ತಿದ್ದೆ ನೀನು. ಅವನು ಬರುತ್ತಿದ್ದ. ನನಗೆ ಕೈ ಇದೆ ಅಕ್ಕ, ಒಪ್ಪುತ್ತೇನೆ. ಕಿವಿ ಇರಲಿಲ್ಲ. ಕಿವಿಯನ್ನು ಯಾರೂ ಕಲಿಸಲಿಕ್ಕಾಗುವುದಿಲ್ಲ ಎಂದು ಗೊತ್ತಾದ ದಿನದಿಂದ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಅಕ್ಕಾ ಅಕ್ಕಾ ಎನ್ನುತ್ತಲೇ ಹೊಟ್ಟೆಕಿಚ್ಚು.

ನೀನು ಮದುವೆಯಾಗಿ ಸಾಯಗಾಂವಕ್ಕೆ ಹೋದೆ. ಆಗ ನಾನು ಮನಸ್ಸಿನಲ್ಲೇ ಗ್ಯಾರೇಜಿಗೆ ನನ್ನ ಹೆಸರಿನ ಬೋರ್ಡು ತೂಗುಹಾಕಿಬಿಟ್ಟಿದ್ದೆ. ಆದರೆ ಉಸ್ತಾದರ ಕಣ್ಣಿಗೆ ಪೊರೆ ಬಂದು ಆಪರೇಶನ್ ಆದಾಗ ನೀನು ತವರಿಗೆ ಬಂದೆ, ಬಂದವಳು ಮತ್ತೆ ಪಾನಾ ಹಿಡಿದೆ. ನಿನ್ನ ಗಂಡ ಒಳ್ಳೆಯ ಮನುಷ್ಯ. ಹೊಲವನ್ನು ತಮ್ಮನಿಗೆ ಬಿಟ್ಟು ಬೀದರಿನಲ್ಲಿ ಮನೆ ಮಾಡಲು ತಯಾರಿದ್ದ, ಗ್ಯಾರೇಜು ನಿನಗೆ ಬರುವುದಾದರೆ. ಬೀಗರು, ಬಂಧುಗಳು ಒಪ್ಪಲಿಲ್ಲ. ಹೆಣ್ಣುಮಗಳು ಎಣ್ಣೆ ಕೈ ಮಾಡಿಕೊಂಡು ಕೂಡುವುದು ಚಂದವೇ, ಶರಣಪ್ಪ ಇದ್ದಾನಲ್ಲ ಎಂದರು. ನನ್ನ ಹೆಸರು ಬಂದದ್ದು ಕೇಳಿ ನನಗೆ ಹಾಯೆನಿಸಿತ್ತು. ಉಸ್ತಾದರು ಮಾತ್ರ ಕಪ್ಪು ಕನ್ನಡಕದ ಹಿಂದಿನಿಂದ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು.

“ಮಂದಿ ಮಾತ ನನಗ ಬ್ಯಾಡ. ಗಾಡಿ ಹೇಳಲಿ.”

ಅವರ ಹತ್ತಿರ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಹಳೆಯ ಗಾಡಿಗಳಿದ್ದವು. ಎರಡೂ ಇನ್ನೂರೈವತ್ತು ಸಿಸಿ, ಎರಡರ ಎಂಜಿನ್ನೂ ದಣಿದಿತ್ತು. ಒಂದನ್ನು ನೀನು ಬಿಚ್ಚಿ ಕಟ್ಟು, ಒಂದನ್ನು ಇವನು ಕಟ್ಟಲಿ, ಯಾರ ಗಾಡಿಯ ಟಾಪು ಹೆಚ್ಚೋ ಗ್ಯಾರೇಜು ಅವರದು ಎಂದರು. ಹಲ್ಲಿನ ಚಕ್ರ ಬದಲಿಸುವಂತಿಲ್ಲ, ಟಯರು ಒಂದೇ ನಮೂನೆಯವು, ಹವಾ ಅವರೇ ಕೈಯಿಂದ ಒತ್ತಿ ನೋಡಿ ಸಮ ಮಾಡಿದರು. ನ್ಯಾಯವಾಗಿತ್ತು ಅಕ್ಕ, ಆ ಪಂದ್ಯ. ಅದರಲ್ಲಿ ಅನ್ಯಾಯಕ್ಕೆ ಜಾಗವಿರಲಿಲ್ಲ, ನಾನು ಹುಡುಕಿ ಮಾಡಿದೆ.

ಉಸ್ತಾದರ ನಿಯಮ ಒಂದಿತ್ತು. ಟಾಪ್ ನೋಡಬೇಕಾದರೆ ಅದೇ ರಸ್ತೆಯಲ್ಲಿ ಹೋಗುವಾಗೊಮ್ಮೆ, ಬರುವಾಗೊಮ್ಮೆ ನೋಡಬೇಕು. ಏರು ಇಳಿವಾಗುತ್ತದೆ, ಎದುರು ಗಾಳಿ ಬೆನ್ನ ಗಾಳಿಯಾಗುತ್ತದೆ, ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಗಾಡಿಯ ನಿಜವಾದ ಓಟ ಸಿಗುತ್ತದೆ. “ಹೋಗಿ ಬಂದು ನೋಡು” — ಇಷ್ಟೇ ಹೇಳುತ್ತಿದ್ದರು. ನಮ್ಮ ಮನೆಗಳಲ್ಲಿ ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲವಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಅಷ್ಟೇ ಸಹಜವಾಗಿ ಆ ಮಾತು ಗ್ಯಾರೇಜಿನಲ್ಲಿ ಓಡಾಡುತ್ತಿತ್ತು. ಟಾಪ್ ನೋಡಿದಿಯಾ ಎಂದು ಯಾರೂ ಕೇಳುತ್ತಿರಲಿಲ್ಲ, ಹೋಗಿ ಬಂದೆಯಾ ಎಂದು ಕೇಳುತ್ತಿದ್ದರು.

ಆಷಾಢದ ಗಾಳಿ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಪಡುವಣದಿಂದ ಬೀಸಲು ಶುರುವಾದರೆ ಒಣಗಲು ಹಾಕಿದ ಅರಿವೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಭಾಲ್ಕಿ ನಮಗೆ ಪಡುವಣಕ್ಕೆ. ಅಂದರೆ ಹೋಗುವಾಗ ಎದೆಗೆ ಗಾಳಿ, ಬರುವಾಗ ಬೆನ್ನಿಗೆ. ಅಂಥ ಒಂದು ಬೆಳಿಗ್ಗೆ ಇಬ್ಬರೂ ಹೊರಟೆವು. ಮೀಟರು ಬೇಡವೆಂದು ಹ್ಯಾಂಡಲಿಗೆ ಫೋನು ಕಟ್ಟಿಕೊಂಡಿದ್ದೆವು, ಅದು ನಿಜವಾದ ವೇಗ ತೋರಿಸುತ್ತದೆ. ರಸ್ತೆ ನೇರವಾಗಿ ಖಾಲಿ ಸಿಕ್ಕಲ್ಲಿ ನೀನು ಟ್ಯಾಂಕಿನ ಮೇಲೆ ಬಾಗಿದೆ. ನಾನು ಹಿಂದೆಯೇ ಎಳೆದೆ. ನೀನು ಚಿಕ್ಕದಾಗುತ್ತ ಹೋದೆ ಅಕ್ಕ. ನನ್ನ ಗಾಡಿಯ ಎಕ್ಸಲೇಟರ್ ಕೊನೆ ಮುಟ್ಟಿತ್ತು, ಇನ್ನು ತಿರುವಲು ಏನೂ ಉಳಿದಿರಲಿಲ್ಲ, ಆದರೂ ನೀನು ಚಿಕ್ಕದಾಗುತ್ತ ಹೋದೆ. ಅಲ್ಲೇ, ಹೆಲ್ಮೆಟ್ಟಿನೊಳಗೇ ನನಗೆ ತಿಳಿದುಹೋಯಿತು.

ಭಾಲ್ಕಿಯ ಚೌಕದ ಚಹಾದಂಗಡಿಯಲ್ಲಿ ನೀನು ನಗುತ್ತ ಫೋನು ತೋರಿಸಿದೆ. ನೂರಾ ಹದಿನೇಳು. ಅಂಥ ಎದುರು ಗಾಳಿಯಲ್ಲಿ ನೂರಾ ಹದಿನೇಳು! ನಿಂದೆಷ್ಟು ಎಂದು ನೀನು ಕೇಳಿದೆ. ನನ್ನದು ನೂರಾ ಹನ್ನೆರಡು. ಫೋನು ಹ್ಯಾಂಗ್ ಆಗಿದೆ, ಆಮೇಲೆ ನೋಡುತ್ತೇನೆ ಎಂದೆ. ಅದು ಮೊದಲನೆಯ ಸುಳ್ಳು. ಕಪ್ಪಿನಿಂದ ಬಸಿಗೆ ಸುರಿದ ಚಹಾ ಗಾಳಿಗೆ ಅಲುಗುತ್ತಿತ್ತು, ನೀನು ಅಂಗೈ ಅಡ್ಡ ಹಿಡಿದು ಕುಡಿದದ್ದು ನನಗಿನ್ನೂ ನೆನಪಿದೆ. ನೆನಪಿಡಬೇಕಾದದ್ದು ಅದೇ — ಆ ದಿನ ಗಾಳಿ ಇತ್ತೆಂದು ನಿನ್ನ ಅಂಗೈಗೆ ಗೊತ್ತಿತ್ತು.

ಅಷ್ಟರಲ್ಲಿ ಸಾಯಗಾಂವದಿಂದ ಫೋನು ಬಂತು. ನಿನ್ನ ನಾದಿನಿಯ ಕೂಸಿನ ತೊಟ್ಟಿಲು, ಬೀಗರು ಮೊದಲೇ ಬಂದುಬಿಟ್ಟಿದ್ದಾರೆ, ನೀನು ಇಲ್ಲದೆ ಹೇಗೆ ಎಂದು. ನಿನ್ನ ಗಂಡ ಕರೆದೊಯ್ಯಲು ಭಾಲ್ಕಿಗೇ ಬಂದ. ನೀನು ನಿನ್ನ ಗಾಡಿಯ ಕೀಲಿಯನ್ನು ನನ್ನ ಕೈಯಲ್ಲಿಟ್ಟೆ.

“ಶರಣೂ, ಇವತ್ತ ನಿಂದ ಬರೋಮುಂದಿಂದ ನೋಡ್ಕೋ. ನಾಳಿ ಬಂದು ನನ್ನ ಗಾಡಿನೂ ನೀನೇ ಹೊಡಕೊಂಡು ಬಾ. ಪೂರಾ ಎಳದು ನೋಡು, ಹಿಡದಿಡಬ್ಯಾಡ.”

ನಿನ್ನ ಎದುರಾಳಿಯ ಕೈಯಲ್ಲಿ ನಿನ್ನ ಗಾಡಿಯನ್ನು ಕೊಟ್ಟು, ಹಿಡಿದಿಡಬೇಡ ಎಂದೆ. ಅದು ನಿನಗೆ ವಿಚಿತ್ರವಾಗಿ ಕಾಣಲೇ ಇಲ್ಲ. ನಾನು ಎದುರಾಳಿ ಎಂದು ನೀನು ಒಂದು ಗಳಿಗೆಯೂ ಎಣಿಸಿರಲಿಲ್ಲವೇನೋ...

ಆ ದಿನ ಬರುವಾಗ ಬೆನ್ನಿಗೆ ಗಾಳಿ ಬಿದ್ದು ನನ್ನ ಗಾಡಿ ನೂರಾ ಮೂವತ್ತನಾಲ್ಕು ಹೊಡೆಯಿತು. ಮಾರನೆಯ ದಿನ ಬಸ್ಸಿಗೆ ಭಾಲ್ಕಿಗೆ ಹೋಗಿ ನಿನ್ನ ಗಾಡಿ ತಂದೆ. ಗಾಳಿ ಹಾಗೆಯೇ ಬೀಸುತ್ತಿತ್ತು. ನೇರ ರಸ್ತೆ ಬಂದಾಗ ನಿನ್ನ ಗಾಡಿ ಕೈಯ ಕೆಳಗೆ ಎಳೆಯುತ್ತಿತ್ತು, ಬಿಡು ಬಿಡು ಎನ್ನುವ ಎತ್ತಿನ ಹಾಗೆ. ಒಂದೇ ಒಂದು ಸಲ, ಅರೆಗಳಿಗೆ, ತಿರುವಿದೆ. ಅದು ಮೇಲೇರಿದ ರೀತಿಯಲ್ಲೇ ನೂರಾ ನಲವತ್ತರ ಹತ್ತಿರ ಹೋಗುತ್ತದೆ ಎಂದು ಗೊತ್ತಾಗಿ ಕೈ ಹಿಂದಕ್ಕೆ ಬಂತು. ಮುಂದೆ ಇಡೀ ದಾರಿ ಹಾಲಿನವನ ಹಾಗೆ ಬಂದೆ. ಅದನ್ನು ಮೊದಲೇ ಹೇಳಿದ್ದೇನೆ.

ಉಸ್ತಾದರು ಮಂಚದ ಮೇಲೆ ಕೂತಿದ್ದರು. ಹೋಗುವಾಗ ಇಬ್ಬರದೂ ನೂರಾ ಹದಿನೇಳು ಎಂದೆ. ಬರುವಾಗ ನನ್ನದು ನೂರಾ ಮೂವತ್ತನಾಲ್ಕು, ಅಕ್ಕನದು ಏರಲೇ ಇಲ್ಲ, ಅಷ್ಟಕ್ಕೇ ನಿಂತಿತು ಎಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಆಗ ನಾನು — ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ — ಆಗ ನಾನೇ ಬಾಯಿ ಹಾಕಿ, ಹೋಗುವಾಗ ಅಕ್ಕನದು ಸಮ ಬಂದದ್ದೂ ಅವಳ ಮೈ ಸಣ್ಣದೆಂದು, ಗಾಳಿಗೆ ಹಿಡಿಯಲು ಏನೂ ಸಿಗಲಿಲ್ಲವೆಂದು ಹೇಳಿದೆ. ಅವರು ಕಲಿಸಿದ ಪಾಠವನ್ನೇ ಅವರ ಮಗಳ ಮೇಲೆ ತಿರುಗಿಸಿದೆ.

“ತಮ್ಮಾ, ಎರಡೂ ಗಾಡಿ ಹೋಗಿ ಬಂದಾವೇನು?”

“ಹೋಗಿ ಬಂದಾವ್ರಿ ಉಸ್ತಾದ.”

ನೋಡು ಅಕ್ಕ, ಈ ಮಾತು ಸುಳ್ಳಲ್ಲ. ಎರಡೂ ಗಾಡಿಗಳು ಹೋಗಿದ್ದವು, ಎರಡೂ ಬಂದು ಅಂಗಳದಲ್ಲಿ ನಿಂತಿದ್ದವು. ಎಷ್ಟೋ ವರ್ಷ ನಾನು ಈ ಮಾತಿನ ಬೆನ್ನ ಹಿಂದೆ ಅಡಗಿಕೊಂಡಿದ್ದೆ. ಕಪ್ಪು ಕನ್ನಡಕದ ಮುದುಕ ಕೇಳಿದ್ದೇನು ಎಂದು ನನಗೆ ತಿಳಿದಿತ್ತು, ನಾನು ಉತ್ತರ ಕೊಟ್ಟದ್ದು ಅವರು ಕೇಳದ ಪ್ರಶ್ನೆಗೆ.

ಸಂಜೆ ನೀನು ಫೋನು ಮಾಡಿದೆ. ಹಿಂದೆ ತೊಟ್ಟಿಲ ಮನೆಯ ಗದ್ದಲ, ಹೆಂಗಸರ ನಗು. ನನ್ನ ಗಾಡಿಯದೇನಾಯಿತು ಎಂದು ಕೇಳಿದೆ. ನಾನು, ಬರುವಾಗಲೂ ಅಷ್ಟೇ ಆಯಿತು ಎಂದೆ. ನೀನು ನಂಬಲಿಲ್ಲ ಮೊದಲು. ಬೆನ್ನಿಗೆ ಗಾಳಿ ಇದ್ದೂ ಅಷ್ಟೇನಾ ಎಂದೆ. ಆಗ ಹೇಳಿದೆ ನಾನು, ಆ ಮಾತು.

“ಹವಾ ಎಲ್ಲಿತ್ತಕ್ಕಾ? ನಿನ್ನಿನೂ ಇರ್ಲಿಲ್ಲ, ಇವತ್ತೂ ಇಲ್ಲ.”

ಆಮೇಲೆ ನನ್ನ ನೂರಾ ಮೂವತ್ತನಾಲ್ಕು ಹೇಳಿದೆ. ಗಾಳಿಯೇ ಇಲ್ಲದೆ ನನ್ನದು ಅಷ್ಟು, ನಿನ್ನದು ಇಷ್ಟು. ಹಾಗಾದರೆ ಹೋಗುವಾಗ ನನ್ನ ಹಿಂದೆ ಯಾಕೆ ಬಿದ್ದೆ ಎಂದು ನೀನು ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನೀನು ಕೇಳಲಿಲ್ಲ. ಬಸಿಗೆ ಅಂಗೈ ಅಡ್ಡ ಹಿಡಿದವಳು ನೀನು. ಆ ಅಂಗೈಯನ್ನು ಬಿಟ್ಟು ನನ್ನ ಮಾತನ್ನು ನಂಬಿದೆ. ಆಮೇಲೆ ನೀನೇ, ನನ್ನ ಕಿವಿ ನನಗೇ ಮೋಸ ಮಾಡಿತು ಕಾಣುತ್ತದೆ, ಎಂಜಿನ್ನು ಎಷ್ಟು ಚೆನ್ನಾಗಿ ಉಸಿರಾಡುತ್ತಿದೆ ಎಂದುಕೊಂಡಿದ್ದೆನಲ್ಲ ಎಂದೆ. ಅಪ್ಪನನ್ನು ಚೆನ್ನಾಗಿ ನೋಡಿಕೋ ಎಂದೆ. ಇಟ್ಟೆ.

ಅಪ್ಪನನ್ನು ಚೆನ್ನಾಗಿಯೇ ನೋಡಿಕೊಂಡೆ. ಅದನ್ನು ಪುಣ್ಯವೆಂದು ಲೆಕ್ಕಕ್ಕೆ ಹಿಡಿಯುತ್ತಿಲ್ಲ, ಸುಮ್ಮನೆ ಹೇಳಿದೆ. ಉಸ್ತಾದರು ತೀರಿಕೊಂಡಾಗ ವಿಭೂತಿ ಹಚ್ಚಿ ಕೂರಿಸಿದ ಅವರ ಮುಂದೆ ನಿಂತು ನೀನು ನನ್ನ ಕೈ ಹಿಡಿದೆ. ನೀ ಇದ್ದಿ ಅಂತ ಅಪ್ಪನ ಹೆಸರು ಉಳೀತು ಎಂದೆ. ಆ ಹೊತ್ತು ಹೇಳಬಹುದಿತ್ತು. ಅವರ ಮುಂದೆ, ಅವರು ಇನ್ನೂ ಮನೆಯಲ್ಲಿದ್ದಾಗಲೇ. ಹೇಳಲಿಲ್ಲ. ಉಸ್ತಾದರು ತಮ್ಮ ಮಗಳ ಕೈ ನನ್ನ ಕೈಗಿಂತ ಕಮ್ಮಿ ಎಂದು ನಂಬಿಕೊಂಡೇ ಮಣ್ಣಿಗೆ ಹೋದರು. ಅದನ್ನು ಸರಿ ಮಾಡುವ ದಾರಿ ನನಗೆ ಗೊತ್ತಿಲ್ಲ.

ಹಾಗಾದರೆ ಈಗ ಯಾಕೆ ಎಂದು ನೀನು ಕೇಳುತ್ತೀ.

ಮೊನ್ನೆ ಔರಾದದ ಒಬ್ಬ ಮಾಸ್ತರರು ಗ್ಯಾರೇಜಿಗೆ ಬಂದರು. ಮೊಣಕಾಲು ನೋವು, ಈ ಭಾರದ ಗಾಡಿ ಇನ್ನು ಆಗುವುದಿಲ್ಲ, ಯಾರಿಗಾದರೂ ದಾಟಿಸು ಎಂದರು. ಅದು ನಿನ್ನ ಗಾಡಿ. ಪಂದ್ಯ ಮುಗಿದ ಮೇಲೆ ನಾನು ಅವಸರ ಮಾಡಿ ಅವರಿಗೆ ಸಾಗಹಾಕಿಸಿದ್ದೆ, ಕಣ್ಣ ಮುಂದೆ ಇರಬಾರದೆಂದು. ಮಾಸ್ತರರು ಶಾಲೆಗೆ ಹೋಗಿ ಬರಲು ಮಾತ್ರ ಓಡಿಸಿದ್ದಾರೆ, ಎಣ್ಣೆ ಬದಲಿಸುವುದು ಬಿಟ್ಟರೆ ಯಾರಿಂದಲೂ ಏನೂ ಬಿಚ್ಚಿಸಿಲ್ಲ. ಕೆಳಗೆ ಕೂತು ಎಂಜಿನ್ನಿನ ಧೂಳು ಒರೆಸಿದೆ. ಪ್ರತಿ ಬೋಲ್ಟಿನ ಮೇಲೆ ನಿನ್ನ ನೇಲ್ ಪಾಲಿಶಿನ ಗೆರೆ. ಕೆಂಪು ಹೋಗಿ ಕಂದಾಗಿದೆ, ಆದರೆ ಒಂದೂ ತುಂಡಾಗಿಲ್ಲ. ನೀನು ಬಿಗಿದದ್ದು ಬಿಗಿದ ಹಾಗೆಯೇ ಇದೆ.

ಮಾಸ್ತರರಿಗೆ ನನ್ನ ಸ್ಕೂಟರು ಕೊಟ್ಟು ಈ ಗಾಡಿ ಇಟ್ಟುಕೊಂಡೆ. ಎಂಜಿನ್ನಿಗೆ ಪಾನಾ ಮುಟ್ಟಿಸಲಿಲ್ಲ. ಎಣ್ಣೆ, ಪ್ಲಗ್ಗು, ಏರ್ ಫಿಲ್ಟರು, ಚೈನು, ಹೊಸ ಟಯರು, ಅಷ್ಟೇ. ಒಂದು ಮುಂಜಾನೆ, ಎಲೆ ಕೂಡ ಅಲುಗದ ಹೊತ್ತಿನಲ್ಲಿ, ಔರಾದ ರಸ್ತೆಗೆ ಹೋದೆ. ಈ ವಯಸ್ಸಿನಲ್ಲಿ ಮಾಡಬಾರದ್ದು, ಹುಡುಗರು ಮಾಡಿದರೆ ಬೈಯುವಂಥದ್ದು. ಮಾಡಿದೆ. ಹೋಗುವಾಗ ನೂರಾ ಇಪ್ಪತ್ತೈದು, ಬರುವಾಗ ನೂರಾ ಇಪ್ಪತ್ತಾರು. ಅವತ್ತಿನ ನನ್ನ ಎರಡು ಅಂಕಿ ಕೂಡಿಸಿ ಅರ್ಧ ಮಾಡಿದರೆ ನೂರಾ ಇಪ್ಪತ್ತಮೂರು. ನನ್ನ ಗಾಡಿ ಹೊಸದಾಗಿ ಕಟ್ಟಿದಾಗ ಓಡಿದ್ದಕ್ಕಿಂತ ನಿನ್ನದು ಮುದಿಯಾಗಿ ಹೆಚ್ಚು ಓಡುತ್ತದೆ, ಅದೂ ನನ್ನಂಥ ದಪ್ಪ ಮನುಷ್ಯನನ್ನು ಹೊತ್ತುಕೊಂಡು.

ಆದರೆ ಅಕ್ಕ, ಬಾಯಿ ಬಿಡಿಸಿದ್ದು ಅದೂ ಅಲ್ಲ. ನೀನು ಗೆದ್ದಿದ್ದೆ ಎಂಬುದು ನನಗೆ ಹೊಸ ಸುದ್ದಿಯೇ? ಆಮೇಲೆ ಒಂದು ದಿನ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಗಂಡ ಸಿಕ್ಕಿದ. ಸಾಯಗಾಂವದಲ್ಲಿ ನೀವು ಹಾಕಿದ ಹಿಟ್ಟಿನ ಗಿರಣಿ ಚೆನ್ನಾಗಿ ನಡೆದಿದೆ ಎಂದ. ನಾನು ಖುಷಿಯಿಂದ, ಅಕ್ಕ ಇದ್ದಾಳಲ್ಲ, ಗಿರಣಿ ಕೆಟ್ಟರೆ ಯಾರನ್ನೂ ಕರೆಯಬೇಕಾಗಿಲ್ಲ ಎಂದೆ. ಅವನು ತಲೆ ಆಡಿಸಿದ.

“ಇಲ್ರಿ. ತುಸು ಸಪ್ಪಳ ಬದ್ಲಾದ್ರ ಸಾಕು, ಭಾಲ್ಕಿಯಿಂದ ಮಿಸ್ತ್ರಿನ್ನ ಕರಸಂತಾಳ. ನನ್ನ ಕಿವಿ ಮ್ಯಾಲ ನನಗ ಭರೋಸಾ ಇಲ್ಲ ಅಂತಾಳ್ರಿ.”

ಅವನು ದೂರಲಿಲ್ಲ, ಮಾತಿಗೆ ಹೇಳಿದ. ಬಸ್ಸು ಬಂತು, ಹತ್ತಿ ಹೋದ. ನನಗೆ ಬೀದರಿನ ಬಸ್ಸು ಎರಡು ಸಲ ಬಂದು ಹೋದರೂ ಏಳಲಾಗಲಿಲ್ಲ. ಗ್ಯಾರೇಜು ಕಿತ್ತುಕೊಂಡೆ ಎಂದಷ್ಟೇ ಇಷ್ಟು ದಿನ ಎಣಿಸಿದ್ದೆ. ಗ್ಯಾರೇಜು ಏನು, ತಗಡು. ನಾನು ನಿನ್ನ ಕಿವಿಯನ್ನೇ ನಿನ್ನಿಂದ ಬಿಡಿಸಿದ್ದೇನೆ. ರಸ್ತೆಯಾಚೆಯ ಸದ್ದು ಕೇಳಿ ನಾಳೆಯ ಗಿರಾಕಿಯನ್ನು ಹೇಳುತ್ತಿದ್ದವಳು ತನ್ನ ಮನೆಯ ಗಿರಣಿಯ ಪಕ್ಕದಲ್ಲಿ ನಿಂತು, ಇದು ಸರಿಯೋ ಅಲ್ಲವೋ ಎಂದು ಬೇರೆಯವರನ್ನು ಕೇಳುತ್ತಿದ್ದಾಳೆ. ಇಷ್ಟೂ ವರ್ಷ, ದಿನಾ. ಹೊಟ್ಟೆಕಿಚ್ಚುಪಟ್ಟದ್ದು ಯಾವುದಕ್ಕೋ ಅದನ್ನೇ ಕೆಡಿಸಿದ್ದೇನೆ, ಮತ್ತು ಅದು ನನಗೂ ಸಿಗಲಿಲ್ಲ.

ನಾಳೆ ಬರುತ್ತೇನೆ. ನಿನ್ನ ಗಾಡಿಯ ಮೇಲೆಯೇ ಬರುತ್ತೇನೆ. ಆಷಾಢ ನಡೆದಿದೆ, ದಾರಿಯುದ್ದಕ್ಕೂ ಗಾಳಿ ಎದೆಗೇ ಇರುತ್ತದೆ, ಇರಲಿ. ಎಂಜಿನ್ನಿನಲ್ಲಿ ಒಂದು ಸದ್ದಿದೆ ಅಕ್ಕ, ಬಿಸಿಯಾದ ಮೇಲೆ ಬರುವ ಸಣ್ಣ ಸದ್ದು. ಎಲ್ಲಿಂದ ಎಂದು ನನಗೆ ಗೊತ್ತಾಗಲಿಲ್ಲ. ಇದನ್ನು ಹೇಳಲು ನಾಚಿಕೆಯಿಲ್ಲ, ನಾನು ಒಳ್ಳೆಯ ಮೆಕ್ಯಾನಿಕ್, ಆದರೂ ಗೊತ್ತಾಗಲಿಲ್ಲ. ಹಾಗೆಯೇ ಬಿಟ್ಟಿದ್ದೇನೆ. ಗಿರಣಿಯ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ನಿನ್ನ ಗಂಡನ ಎದುರು, ಹಿಟ್ಟು ಬೀಸಿಸಲು ಬಂದವರ ಎದುರು ಇದೆಲ್ಲವನ್ನೂ ಹೇಳುತ್ತೇನೆ. ಅವತ್ತು ಹವಾ ಇತ್ತು ಎಂದು ಮೊದಲು ಹೇಳುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹೇಳಿ ಮುಗಿಸುತ್ತೇನೆ. ಭಾನುವಾರ ನನ್ನ ಗ್ಯಾರೇಜಿಗೆ ಸೇರುವ ಹುಡುಗರಿಗೂ ಇದನ್ನೇ ಹೇಳುತ್ತೇನೆ, ಅವರು ಇನ್ನು ಉಸ್ತಾದ ಎಂದು ಕರೆಯದಿದ್ದರೂ ಸರಿ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು.

ಗ್ಯಾರೇಜಿನ ಕೀಲಿ ಜೇಬಿನಲ್ಲಿ ತರುತ್ತೇನೆ. ಗಾಡಿಯ ಕೀಲಿಯ ಜೊತೆ ಅದನ್ನೂ ಗಿರಣಿಯ ಕಟ್ಟೆಯ ಮೇಲೆ ಇಡುತ್ತೇನೆ. ಎತ್ತಿಕೊಳ್ಳುವುದು ಬಿಡುವುದು ನಿನ್ನದು. ಎತ್ತಿಕೊಂಡು ನೌಬಾದಿಗೆ ಬಂದರೆ ನಿನ್ನ ಕೈಕೆಳಗೆ ದುಡಿಯುತ್ತೇನೆ, ಪಾನಾ ಕೇಳಿದರೆ ಪಾನಾ ಕೊಡುತ್ತೇನೆ. ಎರಡನೆಯವನಾಗಿ ದುಡಿಯಲು ನನಗೆ ಯಾವ ಸಂಕೋಚವೂ ಇಲ್ಲ. ಅವತ್ತು ಭಾಲ್ಕಿ ರಸ್ತೆಯಲ್ಲಿ ನಾನು ಬಂದದ್ದು ಎರಡನೆಯವನಾಗಿಯೇ.

ಬರುವಾಗ ಬಸ್ಸಿಗೆ ಬರುತ್ತೇನೆ.